ಮುಖ ನೋಡಿ ಮಣೆ ಹಾಕಬೇಡಿ

1950-60ರ ದಶಕದ ಅಮೂರ್ತ ಜಲವರ್ಣ ಚಿತ್ರಗಳನ್ನು ಸಂಗ್ರಹಿಸಲು ಹೊರಟಿದ್ದೀರಾ? ಹಾಗಾದರೆ ಚಿತ್ರದ ಮುಖಕ್ಕಿಂತ ಬೆನ್ನನ್ನು ಹೆಚ್ಚು ನೋಡಿ. ಮರ, ಮನೆ, ಮನುಷ್ಯರಿರುವ ಚಿತ್ರದಲ್ಲಿ ನಕಲಿಗಾರ ಎಲ್ಲೋ ಒಂದು ಕಡೆ ಎಡವುತ್ತಾನೆ. ಬರೀ ಬಣ್ಣದ ಹರವಿನಲ್ಲಿ ಎಡವಲು ಕಲ್ಲೇ ಇರುವುದಿಲ್ಲ. ಸುಳ್ಳು ಹೇಳಲು ಬಾರದ್ದು ಕಾಗದಕ್ಕೆ.

ಹಂತ 1: ಕಣ್ಣು ಪಳಗಲಿ
ಆರು ತಿಂಗಳು ಏನನ್ನೂ ಕೊಳ್ಳಬೇಡಿ, ನೋಡುತ್ತಾ ಹೋಗಿ. ಬೆಂಗಳೂರಿನವರಿಗೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಹತ್ತಿರವೇ ಇದೆ. ಯಾರ ಚಿತ್ರ ನೋಡಬೇಕು ಎಂದಿರಾ? ದೊಡ್ಡ ತೈಲಚಿತ್ರಗಳಿಗೆ ಹೆಸರಾದ ವಿ.ಎಸ್. ಗಾಯತೊಂಡೆ 50ರ ದಶಕದ ಆರಂಭದಲ್ಲಿ ಚಿತ್ರಕಾರ ಪೌಲ್ ಕ್ಲೇಯ ಗುಂಗಿನಲ್ಲಿ ಕಾಗದದ ಮೇಲೆ ಪುಟ್ಟ ಜಲವರ್ಣಗಳನ್ನು ಮಾಡಿದವರು. ಇನ್ನೊಬ್ಬ ಕಲಾವಿದ ಎಸ್.ಎಚ್. ರಝಾ 1950ರಲ್ಲಿ ಫ್ರಾನ್ಸಿಗೆ ಹೊರಡುವ ಮುನ್ನ ಮುಂಬೈ, ಕಾಶ್ಮೀರಗಳನ್ನು ನೀರುಬಣ್ಣದಲ್ಲಿ ಹಿಡಿದರು. ಅವು ಇನ್ನೂ ದೃಶ್ಯಗಳೇ. ಆದರೂ ಊರು ಹೇಗೆ ಕರಗಿ ಬಣ್ಣವಾಗುತ್ತದೆ ಎಂಬುದನ್ನು ಅಲ್ಲಿ ಕಲಿಯಬಹುದು.

ಹಂತ 2: ಹಣದ ಲೆಕ್ಕ
ಈ ಹೆಸರುಗಳು ನಮ್ಮ ಜೇಬಿಗಲ್ಲ, ಬಿಡಿ. ಅದೇ ಕಾಲದಲ್ಲಿ ಕಲಾಶಾಲೆಗಳಲ್ಲಿ ಪಾಠ ಹೇಳಿಕೊಂಡು ಸದ್ದಿಲ್ಲದೆ ಚಿತ್ರ ಬರೆದವರ ಕಡೆ ಹೊರಳಿ. ಹರಾಜು ಸಂಸ್ಥೆಗಳ ಹಳೆಯ ಬೆಲೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್ ಮತ್ತು ತೆರಿಗೆ ಬೀಳುವುದು ನೆನಪಿರಲಿ.

ಹಂತ 3: ಫ್ರೇಮ್ ಬಿಚ್ಚಿಸಿ
ಮಾರುವವರು ಒಪ್ಪದಿದ್ದರೆ ನಮಸ್ಕಾರ ಹೇಳಿ ಹೊರಡಿ. ಬಿಚ್ಚಿದರೆ ಮೊದಲು ಭೂತಗನ್ನಡಿ ಹಿಡಿಯಿರಿ. ಸಾಲುಸಾಲು ಚುಕ್ಕೆ ಕಂಡರೆ ಅದು ಮುದ್ರಿತ ಪ್ರತಿ. ನಿಜವಾದ ಜಲವರ್ಣದಲ್ಲಿ ಬಣ್ಣದ ಕಣಗಳು ಕಾಗದದ ತಗ್ಗುಗಳಲ್ಲಿ ಕೂತಿರುತ್ತವೆ, ನೀರು ಆರಿದ ಅಂಚಿನಲ್ಲಿ ಗೆರೆ ಗಾಢವಾಗಿರುತ್ತದೆ. ಹಾಳೆಯನ್ನು ಬೆಳಕಿಗೆ ಎತ್ತಿದರೆ ತಯಾರಕರ ಹೆಸರು ಕಾಗದದೊಳಗೆ ಮೂಡಬಹುದು.

ಈಗ ಕೋಣೆ ಕತ್ತಲೆ ಮಾಡಿ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಬಿಡಿ. ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರಿಂದೀಚೆಗೆ. ಅವು ಈ ಬೆಳಕಿಗೆ ನೀಲಿಯಾಗಿ ಹೊಳೆಯುತ್ತವೆ. ಆಮೇಲಿನ ಹಾಳೆ ಹೊಳೆದರೆ ತಪ್ಪೇನಲ್ಲ, ಆದರೆ 1945 ಎಂದು ಸಹಿಯಿರುವ ಹಾಳೆ ಹಾಗೆ ಫಳಫಳ ಎಂದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಹೊಳೆಯದಿದ್ದರೆ ಅಸಲಿ ಎಂದೇನೂ ಅಲ್ಲ, ಹಳೆಯ ಖಾಲಿ ಹಾಳೆ ಹುಡುಕುವ ಜಾಣರೂ ಇದ್ದಾರೆ.

ಹಳೆಯ ಕಾಗದದ ಮೇಲೆ ಮೂಡುವ ಕಂದು ಚುಕ್ಕೆಗಳಿಗೆ ಹೆದರಬೇಕಿಲ್ಲ, ಬೆಲೆ ಇಳಿಸಲು ಅದೊಂದು ನೆಪ. ಸೆಲ್ಲೋಟೇಪಿನ ಹಳದಿ ಕಲೆಗೆ ಮಾತ್ರ ಹೆದರಿ.

ಹಂತ 4: ಚಿತ್ರದ ಜಾತಕ
ಹಳೆಯ ಗ್ಯಾಲರಿ ಚೀಟಿ, ರಸೀದಿ, ಪ್ರದರ್ಶನದ ಕೈಪಿಡಿ ಕೇಳಿ. "ನಮ್ಮಜ್ಜನ ಕಾಲದ್ದು" ಎಂಬ ಬಾಯಿಮಾತಿಗೆ ದುಡ್ಡು ಕೊಡಬೇಡಿ.

ಹಂತ 5: ಮನೆಗೆ ತಂದ ಮೇಲೆ
ನನ್ನ ಮೊದಲ ಚಿತ್ರವನ್ನು ಕಿಟಕಿಯ ಎದುರಿಗೇ ತೂಗುಹಾಕಿದ್ದೆ. ಮೂರು ಬೇಸಿಗೆ ಕಳೆಯುವುದರೊಳಗೆ ಅದರ ಗುಲಾಬಿ ಬಣ್ಣ ಹಾರಿಹೋಯಿತು. ಜಲವರ್ಣಕ್ಕೆ ವಸ್ತುಸಂಗ್ರಹಾಲಯಗಳು ಕೊಡುವುದು ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕು. ಆಮ್ಲರಹಿತ ಮೌಂಟ್ ಹಾಕಿಸಿ, ಗಾಜು ಹಾಳೆಗೆ ತಾಗದಂತೆ ನೋಡಿಕೊಳ್ಳಿ. ಕರಾವಳಿ, ಮಲೆನಾಡಿನವರು ಮಳೆಗೆ ಒಡ್ಡಿಕೊಂಡ ಹೊರಗೋಡೆಗೆ ಚಿತ್ರ ಹಾಕಲೇಬೇಡಿ. ಆಷಾಢದಲ್ಲಿ ಒಮ್ಮೆ ಇಳಿಸಿ ಬೆನ್ನಿಗೆ ಬೂಷ್ಟು ಬಂದಿದೆಯೇ ನೋಡಿ.