ಹಳೆಯ ಮೋಟಾರ್ ಸೈಕಲ್ ಕೊಳ್ಳುವವರಿಗೆ ಒಂದು ಪಾಠ

ಮುಂಬಯಿ, ಪುಣೆಯಂಥ ಊರುಗಳಲ್ಲಿ ದುಡಿಯುವ ನಮ್ಮವರಿಗೆ ಬಾಡಿಗೆಯ ಕೋಣೆ ಸಿಗುವುದು ಒಂದು ಮೂಲೆಯಲ್ಲಿ, ಕೆಲಸ ಇರುವುದು ಇನ್ನೊಂದು ಮೂಲೆಯಲ್ಲಿ. ರಾತ್ರಿ ಪಾಳಿ ಮುಗಿಸಿದವರಿಗೆ ಬಸ್ಸು ಸಿಗುವುದೂ ಕಷ್ಟ. ಹೊಸ ಗಾಡಿಗೆ ಹಣ ಸಾಲದೆ ಹಳೆಯದನ್ನು ಹುಡುಕುವುದು ಸಹಜವೇ ಆಗಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವವನು ಜಾಣ. ಆದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ನೋಡುವುದು ಬಣ್ಣವನ್ನು, ಆಮೇಲೆ ಎಂಜಿನನ್ನು, ಕಟ್ಟಕಡೆಗೆ ಕಾಗದಪತ್ರಗಳನ್ನು. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಬೇಕೆಂಬುದೇ ಈ ಪಾಠದ ಸಾರ. ಯಂತ್ರದ ದೋಷವನ್ನು ಹಣ ಕೊಟ್ಟು ತಿದ್ದಿಸಬಹುದು. ಕಾಗದದ ದೋಷ ವರ್ಷಗಟ್ಟಲೆ ಬೆನ್ನು ಹತ್ತುವುದು.

೧. ಕಾಗದಪತ್ರಗಳು

ನನ್ನ ಪರಿಚಯದ ಗುಮಾಸ್ತರೊಬ್ಬರು ತಮ್ಮ ಗಾಡಿಯನ್ನು ಮಾರಿ, ಒಂದು ಬಿಳಿಯ ಹಾಳೆಯ ಮೇಲೆ ರುಜು ಹಾಕಿಸಿಕೊಂಡು ಸುಮ್ಮನಾದರು. ಕೊಂಡವನು ತನ್ನ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ. ಎರಡು ವರ್ಷಗಳ ಮೇಲೆ ಆ ಗಾಡಿ ಒಬ್ಬ ಪಾದಚಾರಿಗೆ ಬಡಿಯಿತು. ವಿಮೆಯ ಅವಧಿ ಮುಗಿದುಹೋಗಿತ್ತು. ಕೋರ್ಟಿನ ನೋಟೀಸು ಬಂದುದು ಇವರ ಮನೆಗೆ! ಇದು ಅನ್ಯಾಯವೆಂದು ತೋರಬಹುದು. ಆದರೆ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಒಡೆಯರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಕೊಂಡವನಿಗೂ ಇದರಿಂದ ಕ್ಷೇಮವಿಲ್ಲ. ಆರ್.ಸಿ.ಯಲ್ಲಿ ಹೆಸರಿಲ್ಲದವನು ಗಾಡಿಯನ್ನು ಸರಿಯಾಗಿ ಮಾರಲೂ ಆರ, ವಿಮೆಯವರ ಮುಂದೆ ನಿಂತು ಕೇಳಲೂ ಆರ.

ಆದುದರಿಂದ ಹಣ ಎಣಿಸುವ ಮುನ್ನ ಇಷ್ಟನ್ನು ನೋಡತಕ್ಕದ್ದು:

ಮೂಲ ಆರ್.ಸಿ. ಕೈಯಲ್ಲಿರಲಿ. ಅದರಲ್ಲಿರುವ ಚೇಸಿಸ್ ನಂಬರು, ಎಂಜಿನ್ ನಂಬರುಗಳನ್ನು ಗಾಡಿಯ ಮೇಲೆ ಒತ್ತಿದ ಅಂಕೆಗಳೊಡನೆ ಒಂದೊಂದಾಗಿ ಹೋಲಿಸಿರಿ. ಅಂಕೆಗಳನ್ನು ಉಜ್ಜಿದಂತೆ ಕಂಡರೆ ಅಲ್ಲಿಂದಲೇ ಹಿಂತಿರುಗುವುದು ಒಳಿತು. ಸಾಲದಿಂದ ಕೊಂಡ ಗಾಡಿಯಾದರೆ ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರಿರುತ್ತದೆ; ಸಾಲ ತೀರಿತೆಂಬ ಪತ್ರವನ್ನೂ 35ನೇ ನಮೂನೆಯನ್ನೂ ಕೇಳಿರಿ. ವಿಮೆ, ಹೊಗೆ ತಪಾಸಣೆಯ ಪಿ.ಯು.ಸಿ. ಇವುಗಳ ಕೊನೆಯ ದಿನಾಂಕ ನೋಡಿರಿ. ಬಾಕಿ ದಂಡಗಳಿವೆಯೇ ಎಂಬುದನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಗಾಡಿಯ ನಂಬರು ಕೊಟ್ಟು ತಿಳಿಯಬಹುದು. ಹೊಸ ಗಾಡಿಯ ನೋಂದಣಿ 15 ವರ್ಷಗಳದು. ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬೇಕಾಗುವುದರಿಂದ ಗಾಡಿಯ ವಯಸ್ಸನ್ನೂ ಲೆಕ್ಕ ಹಾಕಿರಿ.

ಹೆಸರು ಬದಲಾವಣೆಗೆ 29 ಮತ್ತು 30ನೇ ನಮೂನೆಗಳು ಬೇಕು. ಒಂದೇ ರಾಜ್ಯದ ಗಾಡಿಯಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಕೊಡಬೇಕು.

ಊರಿನಿಂದ ಅಣ್ಣನ ಗಾಡಿಯನ್ನು ರೈಲಿನಲ್ಲಿ ಹಾಕಿಸಿ ತರಿಸಿಕೊಳ್ಳುವವರು ಒಂದು ಮಾತು ನೆನಪಿಡಬೇಕು. ಕರ್ನಾಟಕದ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಅಲ್ಲಿಯ ನಂಬರು ಪಡೆಯತಕ್ಕದ್ದು. ಅದಕ್ಕೆ ಊರಿನ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಹೊಸ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ಅಗ್ಗವೆಂದು ತಂದ ಗಾಡಿಗೆ ಈ ಖರ್ಚು ಸೇರಿದರೆ ಎಷ್ಟಾಗುವುದೆಂದು ಮೊದಲೇ ಗುಣಿಸಿ ನೋಡಿರಿ.

೨. ಯಂತ್ರ

ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಸ ಬಣ್ಣ ಹಳೆಯ ಪೆಟ್ಟನ್ನು ಮುಚ್ಚಿರಬಹುದು. ಗಾಡಿ ನೋಡಲು ಹಗಲು ಹೊತ್ತಿನಲ್ಲಿ, ನಂಬಿಕೆಯ ಮೆಕ್ಯಾನಿಕನೊಡನೆ ಹೋಗಿರಿ. ಹೋದೊಡನೆ ಎಂಜಿನ್ನಿನ ಹತ್ತಿರ ಕೈಯಿಟ್ಟು ನೋಡಿರಿ. ಬಿಸಿಯಾಗಿದ್ದರೆ ಮಾರುವವನು ಮೊದಲೇ ಚಾಲೂ ಮಾಡಿಟ್ಟಿದ್ದಾನೆ. ತಣ್ಣಗಾಗುವ ತನಕ ಕಾಯಿರಿ. ತಣ್ಣಗಿನ ಎಂಜಿನ್ ಹೇಗೆ ಚಾಲೂ ಆಗುತ್ತದೆಂಬುದೇ ಅದರ ನಿಜವಾದ ಪರೀಕ್ಷೆ.

ಹೊಗೆಯ ಬಣ್ಣ ಒಳಗಿನ ಸ್ಥಿತಿಯನ್ನು ಹೇಳುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ; ಇದು ದೊಡ್ಡ ಖರ್ಚಿನ ಸೂಚನೆ. ಕಪ್ಪು ಹೊಗೆಯಾದರೆ ಪೆಟ್ರೋಲು ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ. ಇದನ್ನು ಸಾಮಾನ್ಯವಾಗಿ ತಿದ್ದಿಸಬಹುದು. ಚಳಿಯ ಬೆಳಗಿನಲ್ಲಿ ಕೆಲವು ನಿಮಿಷ ಕಾಣುವ ಬಿಳಿಯ ಹೊಗೆ ಬರೀ ನೀರಾವಿ.

ಮುಂದಿನ ಚಕ್ರವನ್ನು ಎತ್ತಿಸಿ ಹ್ಯಾಂಡಲನ್ನು ಎರಡೂ ಕಡೆ ನಿಧಾನವಾಗಿ ತಿರುಗಿಸಿರಿ. ನಡುವೆ ತಡೆದಂತಾದರೆ ಬೇರಿಂಗು ಸವೆದಿದೆ. ಹಿಂದೆ ನಿಂತು ಎರಡು ಚಕ್ರಗಳೂ ಒಂದೇ ಗೆರೆಯಲ್ಲಿವೆಯೇ ನೋಡಿರಿ. ಇಲ್ಲದಿದ್ದರೆ ಗಾಡಿ ಎಲ್ಲೋ ಬಿದ್ದಿರಬಹುದು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದುದು. ಗೆರೆಗಳು ಉಳಿದಿದ್ದರೂ ರಬ್ಬರು ಬಿರಿದಿದ್ದರೆ ಆ ಟೈರನ್ನು ನಂಬಬಾರದು.

೩. ಆರೈಕೆ

ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕೊಟ್ಟರೆ ಸಾಕು. ಟೈರಿನ ಗಾಳಿ, ಆಯಿಲಿನ ಮಟ್ಟ, ಎರಡೂ ಬ್ರೇಕುಗಳು, ದೀಪಗಳು, ಹಾರನ್ನು ಇವುಗಳನ್ನು ನೋಡಿರಿ. ಚೈನನ್ನು ಒರಸಿ ಎಣ್ಣೆ ಹಾಕಿರಿ. ಅದು ಬಿಗಿಯಾಗಿದ್ದರೆ ಬೇರಿಂಗಿಗೆ ಪೆಟ್ಟು. ಜೋತುಬಿದ್ದರೆ ಓಡುವಾಗಲೇ ಕಳಚಿ ಚಕ್ರವನ್ನು ಹಿಡಿದೀತು. ನಡುಭಾಗದಲ್ಲಿ ಸುಮಾರು 2ರಿಂದ 3 ಸೆಂಟಿಮೀಟರು ಆಡುವಂತಿರುವುದು ಸಾಮಾನ್ಯ ಗಾಡಿಗಳಿಗೆ ಸರಿ. ಕಂಪನಿಯ ಪುಸ್ತಕ ಹೇಳಿದ ಕಿಲೋಮೀಟರಿಗೆ ಆಯಿಲ್ ಬದಲಿಸಿರಿ. ನೂರು ರೂಪಾಯಿ ಉಳಿಸಹೋಗಿ ಎಂಜಿನ್ ಬಿಚ್ಚಿಸಿದವರುಂಟು.

೪. ಸವಾರಿ

ವೇಗ ಎರಡು ಪಟ್ಟಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವವನು ಅಪಾಯ ಕಂಡು ಬ್ರೇಕಿಗೆ ಕೈ ಹಾಕುವ ಒಂದು ಸೆಕೆಂಡಿನಲ್ಲಿಯೇ ಸುಮಾರು 17 ಮೀಟರು ಮುಂದೆ ಹೋಗಿರುತ್ತಾನೆ. ಮುಂದಿನ ಬಸ್ಸಿಗೆ ಅಂಟಿಕೊಂಡು ಹೋಗಬಾರದೆನ್ನುವುದು ಈ ಲೆಕ್ಕದಿಂದಲೇ. ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿನಲ್ಲಿರುವುದರಿಂದ ಎರಡನ್ನೂ ಒಟ್ಟಿಗೆ, ಹದವಾಗಿ ಒತ್ತಲು ಅಭ್ಯಾಸ ಮಾಡಿರಿ.

ಮೊದಲ ಮಳೆ ಬಿದ್ದಾಗ ರಸ್ತೆಯ ಎಣ್ಣೆ ಮೇಲೆದ್ದು ನೆಲ ಜಾರುತ್ತದೆ. ಕಬ್ಬಿಣದ ಮುಚ್ಚಳಗಳ ಮೇಲೂ ಬಣ್ಣದ ಪಟ್ಟೆಗಳ ಮೇಲೂ ಬ್ರೇಕು ಹಿಡಿಯುವುದು ಅಪಾಯ. ನಿಂತ ನೀರಿನ ಕೆಳಗೆ ಗುಂಡಿಯಿದೆಯೋ ತೆರೆದ ಚರಂಡಿಯಿದೆಯೋ ಯಾರು ಬಲ್ಲರು? ಲಾರಿಯ ಎಡಮಗ್ಗುಲಲ್ಲಿ ನುಸುಳಬೇಡಿರಿ. ಚಾಲಕನಿಗೆ ನೀವು ಕಾಣುವುದಿಲ್ಲ. ಪಾಳಿ ಮುಗಿಸಿ ಕಣ್ಣು ಎಳೆಯುತ್ತಿದ್ದರೆ ಗಾಡಿಯನ್ನು ಅಲ್ಲಿಯೇ ಬಿಟ್ಟು ಬೆಳಗಿನ ಬಸ್ಸು ಹಿಡಿಯುವುದು ಸೋಲಲ್ಲ.

ಹೆಲ್ಮೆಟ್ಟಿಗೆ ಐ.ಎಸ್.ಐ. ಗುರುತು ಇರಲಿ, ಪಟ್ಟಿಯನ್ನು ಬಿಗಿದಿರಲಿ. ಹಿಂದೆ ಕುಳಿತವರಿಗೂ ಅದು ಬೇಕೆಂಬುದೇ ಕಾನೂನು. ಗಾಡಿ ಕೊಳ್ಳುವ ಹಣದಲ್ಲಿಯೇ ಎರಡು ಹೆಲ್ಮೆಟ್ಟುಗಳ ಬೆಲೆಯನ್ನು ಮೊದಲು ತೆಗೆದಿಡಿರಿ. ಉಳಿದುದರಲ್ಲಿ ಗಾಡಿ ಹುಡುಕಿರಿ. ನಮ್ಮಲ್ಲಿ ಬಹುಮಂದಿಯ ಒಬ್ಬರ ದುಡಿಮೆಯ ಮೇಲೆ ಊರಿನಲ್ಲಿ ನಾಲ್ಕಾರು ಜನ ಅನ್ನ ಉಣ್ಣುತ್ತಿದ್ದಾರೆ. ಹತ್ತು ನಿಮಿಷ ತಡವಾಗಿ ಬಂದವನನ್ನು ಮೇಲಧಿಕಾರಿ ಗದರಿಸಬಹುದು, ಅಷ್ಟೇ.

ಅಭ್ಯಾಸಕ್ಕೆ: ನಿಮ್ಮಲ್ಲಿ ಈಗಾಗಲೇ ಗಾಡಿ ಇದ್ದರೆ ಇಂದು ರಾತ್ರಿಯೇ ಆರ್.ಸಿ. ತೆಗೆದು ನೋಡಿರಿ. ಅದರಲ್ಲಿರುವುದು ಯಾರ ಹೆಸರು? ವಿಮೆ ಎಂದಿಗೆ ಮುಗಿಯುವುದು? ಹಿಂದೆ ಮಾರಿದ ಗಾಡಿಯೊಂದು ಇನ್ನೂ ನಿಮ್ಮ ಹೆಸರಿನಲ್ಲಿಯೇ ಓಡಾಡುತ್ತಿಲ್ಲವಷ್ಟೆ?