ಪಕ್ಕದವರು ಎಷ್ಟು ಹಾಕಿದರು?

ಅರ್ಥಶಾಸ್ತ್ರದ ತರಗತಿಯಲ್ಲಿ ನಾನು ಪ್ರತಿ ವರ್ಷ ಒಂದು ಆಟ ಆಡಿಸುತ್ತೇನೆ. ನಾಲ್ವರ ತಂಡ, ತಲಾ 20 ಚೀಟಿ, ಒಂದು ಚೀಟಿಗೆ ಒಂದು ರೂಪಾಯಿ ಎಂದು ಲೆಕ್ಕ. ಇಷ್ಟ ಬಂದಷ್ಟನ್ನು ಯಾರಿಗೂ ತೋರಿಸದೆ ಡಬ್ಬಕ್ಕೆ ಹಾಕಬೇಕು, ಉಳಿದದ್ದು ಅವರವರಿಗೇ. ಡಬ್ಬದ ಮೊತ್ತವನ್ನು 1.6 ಪಟ್ಟು ಮಾಡಿ ನಾಲ್ವರಿಗೂ ಸಮನಾಗಿ ಹಂಚುತ್ತೇನೆ, ಹಾಕಿದವರಿಗೂ ಹಾಕದವರಿಗೂ. ಎಲ್ಲರೂ 20 ಹಾಕಿದರೆ 80 ಸೇರಿ 128 ಆಗುತ್ತದೆ, ತಲಾ 32. ಯಾರೂ ಹಾಕದಿದ್ದರೆ ತಲಾ 20. ಮೂವರು ಪೂರ್ತಿ ಹಾಕಿ ನೀವೊಬ್ಬರು ಕೈಕಟ್ಟಿ ಕುಳಿತರೆ ಅವರಿಗೆ 24, ನಿಮಗೆ 44! ಕಳ್ಳ ಆಸೆ ಹುಟ್ಟುವುದು ಇಲ್ಲೇ.

ಇದಕ್ಕೆ ಸಾರ್ವಜನಿಕ ಸರಕಿನ ಆಟ ಎಂದು ಹೆಸರು. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಜನ ಮೊದಲ ಸುತ್ತಿನಲ್ಲಿ ಸುಮಾರು ಅರ್ಧದಷ್ಟು ಹಾಕುತ್ತಾರೆ, ಸುತ್ತು ಕಳೆದಂತೆ ಅದು ಇಳಿಯುತ್ತಾ ಹೋಗುತ್ತದೆ. "ಮನುಷ್ಯ ಸ್ವಾರ್ಥಿ, ಮೇಡಂ" ಎಂದು ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ. ಹಾಗಿದ್ದರೆ ಮೊದಲ ಸುತ್ತಿನಲ್ಲೇ ಡಬ್ಬ ಖಾಲಿ ಇರಬೇಕಿತ್ತಲ್ಲವೇ? ಫಿಶ್‌ಬಾಕರ್, ಗೆಖ್ಟರ್ ಮತ್ತು ಫೆರ್ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯೇ ಚಿತ್ರವಿದೆ. ಉಳಿದವರು ಇಷ್ಟು ಹಾಕಿದರೆ ನೀನೆಷ್ಟು ಹಾಕುವೆ ಎಂದು ಅವರು ಕೇಳಿದರು. ಏನೇ ಆದರೂ ಹಾಕುವುದಿಲ್ಲ ಎಂದವರು ಸುಮಾರು ಶೇ. 30. ಸುಮಾರು ಅರ್ಧದಷ್ಟು ಮಂದಿ, ಉಳಿದವರು ಹೆಚ್ಚಿಸಿದರೆ ನಾವೂ ಹೆಚ್ಚಿಸುತ್ತೇವೆ ಎಂದರು. ಆದರೆ ಅವರಲ್ಲೂ ಅನೇಕರು ಇತರರಿಗಿಂತ ತುಸು ಕಡಿಮೆಯೇ ಹಾಕುವವರು. ಪ್ರತಿ ಸುತ್ತಿನಲ್ಲಿ ಆ 'ತುಸು' ಕೂಡುತ್ತಾ ಹೋಗಿ ಡಬ್ಬ ಬರಿದಾಗುತ್ತದೆ. ಕೆಟ್ಟವರು ಬಹಳ ಮಂದಿ ಬೇಕಾಗಿಲ್ಲ.

ನೀವು ಮೊಬೈಲಿನಲ್ಲಿ ಸ್ಕ್ವಾಡ್ ಕಟ್ಟಿ ಆಡುವಾಗಲೂ ಇದನ್ನು ಕಂಡಿರುತ್ತೀರಿ. ದೊಡ್ಡ ಪ್ರಮಾಣದಲ್ಲಿ ಇದು ಕಂಡದ್ದು 2005ರ ಸೆಪ್ಟೆಂಬರಿನಲ್ಲಿ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ. ಹಕ್ಕಾರ್ ಎಂಬ ಶತ್ರು ಆಟಗಾರರಿಗೆ ಅಂಟಿಸುತ್ತಿದ್ದ 'ಕರಪ್ಟೆಡ್ ಬ್ಲಡ್' ರೋಗ ಅವನ ಗುಡಿಯೊಳಗೇ ಉಳಿಯಬೇಕಿತ್ತು. ಸಾಕುಪ್ರಾಣಿಗಳ ಮೂಲಕ ಅದು ಆಟದ ನಗರಗಳಿಗೆ ಹಬ್ಬಿತು. ಗುಣಪಡಿಸುವ ಶಕ್ತಿಯಿದ್ದ ಕೆಲವರು ತಾವಾಗಿಯೇ ನೆರವಿಗೆ ನಿಂತರು. ಕೆಲವರು ಊರು ಬಿಟ್ಟು ಓಡಿದರು. ಕೆಲವರು ಬೇಕೆಂದೇ ಅಂಟಿಸಿದರು, ಇನ್ನು ಕೆಲವರು ಬರೀ ನೋಡಲು ಬಂದು ಹೊತ್ತೊಯ್ದರು. ಸ್ವಯಂಪ್ರೇರಿತ ಕ್ವಾರಂಟೈನ್ ನಿಲ್ಲಲಿಲ್ಲ. ಕಂಪನಿಯೇ ಸರ್ವರ್‌ಗಳನ್ನು ರೀಸೆಟ್ ಮಾಡಬೇಕಾಯಿತು. ಆಟ ತಾನೇ ಎನ್ನಬೇಡಿ, 2007ರಲ್ಲಿ ಒಂದು ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆ ಇದರ ಮೇಲೆ ಲೇಖನ ಪ್ರಕಟಿಸಿತು.

ಹಾಗಾದರೆ ಹಂಚಿಕೊಂಡದ್ದೆಲ್ಲ ಹಾಳಾಗಲೇಬೇಕೇ? ಗೋಮಾಳವನ್ನು ಎಲ್ಲರೂ ಮೇಯಿಸಿ ಬರಿದು ಮಾಡುತ್ತಾರೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದರು. ಎಲಿನಾರ್ ಆಸ್ಟ್ರಮ್ ಒಪ್ಪಲಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಅವರ ಉದಾಹರಣೆಗಳಲ್ಲಿ ನನಗೆ ಇಷ್ಟವಾದದ್ದು ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿ. ಚಳಿಗಾಲದಲ್ಲಿ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಊರಿನ ಹುಲ್ಲುಗಾವಲಿಗೆ ಬಿಡಬೇಕೆಂಬ ನಿಯಮ ಅಲ್ಲಿ 1517ರಿಂದಲೂ ಇದೆ. ಇದರ ಜಾಣತನ ಎಲ್ಲಿದೆ ಗೊತ್ತೇ? ಹಸುಗಳನ್ನು ಯಾರು ಬೇಕಾದರೂ ಎಣಿಸಬಹುದು. ನಮ್ಮ ಕೆರೆಗಳ ನೀರುಗಂಟಿ ತೂಬು ತೆಗೆದು ಸರದಿಯಂತೆ ನೀರು ಬಿಡುತ್ತಿದ್ದುದೂ ಎಲ್ಲರ ಕಣ್ಣೆದುರಿಗೇ.

ಈಗ ನಮ್ಮ ಹಾಸ್ಟೆಲಿಗೆ ಬರೋಣ. ಬೇಸಿಗೆಯಲ್ಲಿ ಸಂಜೆಯ ಹೊತ್ತಿಗೆ ಮೇಲಿನ ಮಹಡಿಯ ನಲ್ಲಿ ಒಣಗುತ್ತದೆ, ಪರೀಕ್ಷೆಯ ದಿನವೂ. ಗೋಡೆಯ ಮೇಲೆ ನೋಟಿಸಿದೆ: "ಅನೇಕ ವಿದ್ಯಾರ್ಥಿಗಳು ನೀರು ಪೋಲು ಮಾಡುತ್ತಿರುವುದು ಗಮನಕ್ಕೆ ಬಂದಿದೆ." ಅಮೆರಿಕದ ಪೆಟ್ರಿಫೈಡ್ ಫಾರೆಸ್ಟ್ ಉದ್ಯಾನದಲ್ಲಿ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ತಂಡ ಇಂಥದ್ದೇ ಫಲಕ ಹಾಕಿ ನೋಡಿತ್ತು. ಹಿಂದೆ ಬಂದವರು ಅನೇಕರು ಕಲ್ಲಾದ ಮರದ ತುಂಡುಗಳನ್ನು ಒಯ್ದಿದ್ದಾರೆ ಎಂಬ ಫಲಕವಿದ್ದಾಗ, 'ದಯವಿಟ್ಟು ಒಯ್ಯಬೇಡಿ' ಎಂಬ ಫಲಕವಿದ್ದಾಗಿಗಿಂತ ಹೆಚ್ಚು ತುಂಡುಗಳು ಕಳುವಾದವು. ನಮ್ಮ ನೋಟಿಸ್ ಕೂಡ ಓದುವವರಿಗೆ ಹೇಳುತ್ತಿರುವುದು ಅದನ್ನೇ: ಎಲ್ಲರೂ ಪೋಲು ಮಾಡುತ್ತಿದ್ದಾರೆ.

ಅದರ ಜಾಗದಲ್ಲಿ ಒಂದು ಕಪ್ಪು ಹಲಗೆ ಸಾಕು ಎಂದು ನನಗನ್ನಿಸುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಟ್ಯಾಂಕಿನಲ್ಲಿ ಎಷ್ಟಿದೆ, ಯಾವ ಮಹಡಿ ಎಷ್ಟು ಬಳಸಿತು ಎಂದು ಬರೆಯಿರಿ. ಬರೆಯುವ ಸರದಿ ವಾರಕ್ಕೊಂದು ಮಹಡಿಗೆ. ದಂಡ ಬೇಕೋ ಬೇಡವೋ ಎಂಬುದನ್ನು ಒಂದು ತಿಂಗಳ ಅಂಕಿ ನೋಡಿ ನೀವೇ ಕೂತು ತೀರ್ಮಾನಿಸಿ.