‘ಅನುಭವ: ಇಲ್ಲ’ ಎಂದು ಬರೆಯುವ ಮುನ್ನ: ಉದ್ಯೋಗದ ಅರ್ಜಿಗೆ ಎಐ ನೆರವು ಪಡೆಯುವ ಬಗೆ

ಗದಗ ಜಿಲ್ಲೆಯ ಬೆಳವಣಕಿ, ರೋಣ, ನರಗುಂದ, ಗಜೇಂದ್ರಗಡ ಕಡೆಯ ಹುಡುಗ ಹುಡುಗಿಯರು ಪದವಿ ಮುಗಿಸಿ ಮೊದಲ ಅರ್ಜಿ ಬರೆಯಲು ಕೂತಾಗ ಕೈ ತಾನಾಗಿ ಬರೆದುಬಿಡುವ ಸಾಲೊಂದಿದೆ: ‘ಅನುಭವ: ಇಲ್ಲ’. ಅದು ನಿಜವಲ್ಲ. ಸುಗ್ಗಿಯಲ್ಲಿ ಉಳ್ಳಾಗಡ್ಡಿ ಲೋಡಿನ ಲೆಕ್ಕ ಹಿಡಿದವರು, ಅವ್ವನ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದವರು, ಗಜೇಂದ್ರಗಡದಲ್ಲಿ ಮನೆಯ ಮಗ್ಗದ ಸೀರೆಗೆ ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿ ಹುಡುಕಿದವರು, ಹೊಲದ ಪಂಪ್‌ಸೆಟ್ ತಾವೇ ಬಿಚ್ಚಿ ರಿಪೇರಿ ಮಾಡಿದವರು ಇವರಲ್ಲೇ ಇದ್ದಾರೆ. ಮನೆಗೆಲಸ ಎಂದುಕೊಂಡು ಇದನ್ನೆಲ್ಲ ಬಿಟ್ಟುಬಿಡುತ್ತಾರೆ. ಎಐ ನೆರವು ಬೇಕಾಗುವುದು ಇಲ್ಲಿಯೇ. ಅದು ನಿಮಗಾಗಿ ಬರೆಯುವುದಕ್ಕಿಂತ ಮೊದಲು ನಿಮ್ಮನ್ನು ಪ್ರಶ್ನೆ ಕೇಳಬೇಕು.

ಬೇಕಾದದ್ದು ಒಂದು ಮೊಬೈಲ್, ಜೊತೆಗೆ ಜೆಮಿನಿ ಅಥವಾ ಚಾಟ್‌ಜಿಪಿಟಿಯ ಉಚಿತ ಆವೃತ್ತಿ. ಎರಡಕ್ಕೂ ಕನ್ನಡ ಬರುತ್ತದೆ. ಟೈಪಿಂಗ್ ಕಷ್ಟವಾದರೆ ಮೈಕ್ ಒತ್ತಿ ಮಾತಾಡಬಹುದು.

ಮೊದಲು ಉದ್ಯೋಗದ ಜಾಹೀರಾತನ್ನು ಪೂರ್ತಿ ಅದಕ್ಕೆ ಕೊಡಿ. ಪೇಪರಿನಲ್ಲಿ ಬಂದಿದ್ದರೆ ಫೋಟೊ ತೆಗೆದು ಹಾಕಿದರೂ ಸಾಕು. ನಂತರ ಹೀಗೆ ಹೇಳಿ: ‘ಈ ಕೆಲಸಕ್ಕೆ ಅರ್ಜಿ ಹಾಕಬೇಕು. ಈಗಲೇ ಅರ್ಜಿ ಬರೆಯಬೇಡ. ಮನೆ, ಹೊಲ, ಅಂಗಡಿ, ಕಾಲೇಜಿನಲ್ಲಿ ನಾನು ಮಾಡಿದ ಕೆಲಸಗಳ ಬಗ್ಗೆ ಒಂದೊಂದೇ ಪ್ರಶ್ನೆ ಕೇಳು. ನಾನು ಹೇಳದ ಯಾವುದನ್ನೂ ಸೇರಿಸಬೇಡ.’ ಕೊನೆಯ ವಾಕ್ಯವನ್ನು ಮರೆಯಬೇಡಿ.

ಉತ್ತರವನ್ನು ಆಡುಮಾತಿನಲ್ಲೇ ಕೊಡಿ. ಬೆಳವಣಕಿಯ ಬಿ.ಕಾಂ. ಪದವೀಧರೆಯೊಬ್ಬಳು ಹುಬ್ಬಳ್ಳಿಯ ಕಂಪನಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ‘ಕಾಕಾನ ಅಡತಿ ಅಂಗಡ್ಯಾಗ ಸುಗ್ಗಿವಳಗ ಚೀಲದ ಲೆಕ್ಕ ಬರೀತಿದ್ದೆ’ ಎಂದು ಅವಳು ಹೇಳಿದರೆ ಎಐ ಮುಂದಿನ ಪ್ರಶ್ನೆ ಕೇಳಬೇಕು: ದಿನಕ್ಕೆ ಎಷ್ಟು ರೈತರ ಲೆಕ್ಕ? ತೂಕ, ಹಮಾಲಿ, ಕಮಿಷನ್ ಕಳೆದು ಪಟ್ಟಿ ಮಾಡುತ್ತಿದ್ದವರು ಯಾರು? ರೊಕ್ಕ ತಾಳೆಯಾಗದಿದ್ದರೆ ಏನು ಮಾಡುತ್ತಿದ್ದಿರಿ? ಹೀಗೆ ಕೇಳುತ್ತಾ ಹೋದರೆ ಕೊನೆಗೆ ಅರ್ಜಿಯಲ್ಲಿ ಇಂಥ ಸಾಲು ಬರುತ್ತದೆ: ‘ಕುಟುಂಬದ ಅಡತಿ ಅಂಗಡಿಯಲ್ಲಿ ಎರಡು ಸುಗ್ಗಿಗಳಲ್ಲಿ ರೈತರವಾರು ತೂಕ, ಕಡಿತ ಮತ್ತು ಪಾವತಿಯ ಲೆಕ್ಕ ಬರೆದು, ಪ್ರತಿದಿನ ಸಂಜೆ ನಗದು ತಾಳೆ ನೋಡಿದ್ದೇನೆ.’ ಸಂದರ್ಶಕರು ನಿಲ್ಲಿಸಿ ಓದುವುದು ಇಂಥ ಸಾಲನ್ನೇ. ‘ಶ್ರಮಜೀವಿ, ಪ್ರಾಮಾಣಿಕ’ ಎಂಬ ಮಾತು ಎಲ್ಲರ ಅರ್ಜಿಯಲ್ಲೂ ಇರುತ್ತದೆ.

ಐಟಿಐ ಮುಗಿಸಿ ಈ ಭಾಗದ ಗಾಳಿ ವಿದ್ಯುತ್ ಘಟಕಗಳ ನಿರ್ವಹಣೆ ಕೆಲಸ ಬಯಸುವವರು ಮೋಟರ್, ಸ್ಟಾರ್ಟರ್, ವೈರಿಂಗ್ ರಿಪೇರಿ ಮಾಡಿದ್ದನ್ನು ಹೀಗೆಯೇ ವಿವರವಾಗಿ ಹೇಳಿಕೊಳ್ಳಲಿ. ಎತ್ತರ ಏರಿ ಕೆಲಸ ಮಾಡಿದ್ದರೆ ಅದನ್ನೂ.

ಕರಡು ಬಂದ ಮೇಲೆ ಕೆಂಪು ಪೆನ್ನು ಹಿಡಿಯಿರಿ. ಎಐ ಲೆಕ್ಕವಿಲ್ಲದಷ್ಟು ಬರಹಗಳನ್ನು ನೋಡಿ, ಒಂದು ಪದದ ಮುಂದೆ ಯಾವುದು ಬರುವ ಸಾಧ್ಯತೆ ಹೆಚ್ಚು ಎಂದು ಅಂದಾಜಿಸಿ ಬರೆಯುತ್ತದೆ. ಲೆಕ್ಕಪತ್ರದ ಕೆಲಸ ಎಂದರೆ ಸಾಕು, ನೀವು ಟ್ಯಾಲಿ ಮುಟ್ಟಿರದಿದ್ದರೂ ‘ಟ್ಯಾಲಿಯಲ್ಲಿ ಪರಿಣತಿ’ ಎಂದು ಸೇರಿಸಬಹುದು. ಅಂಥದ್ದನ್ನು ಹೊಡೆದುಹಾಕಿ. ಸುಳ್ಳು ಸಾಲಿಗೆ ಸಂದರ್ಶನದಲ್ಲಿ ಉತ್ತರ ಕೊಡಬೇಕಾದವರು ನೀವು. ಇಂಗ್ಲಿಷ್ ಅರ್ಜಿ ಬೇಕಿದ್ದರೆ ‘ನಾನು ಬಾಯಲ್ಲಿ ಹೇಳಬಲ್ಲಷ್ಟು ಸರಳ ಇಂಗ್ಲಿಷ್‌ನಲ್ಲಿ ಬರೆ’ ಎನ್ನಿ. ಪ್ರತಿ ಸಾಲಿನ ಅರ್ಥವನ್ನೂ ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳಿ. ಒಂದು ಪುಟಕ್ಕಿಂತ ಹೆಚ್ಚು ಬೇಡ.

ಸರ್ಕಾರಿ ನೌಕರಿಯ ದಾರಿ ಬೇರೆ. ಕೆಪಿಎಸ್‌ಸಿ, ಕೆಇಎ ಅರ್ಜಿಗಳಲ್ಲಿ ಚಂದದ ವಾಕ್ಯಗಳಿಗೆ ಜಾಗವೇ ಇಲ್ಲ, ಇರುವುದು ಭರ್ತಿ ಮಾಡುವ ಕಲಂಗಳು. ಇಲ್ಲಿ ಎಐಯನ್ನು ಅಧಿಸೂಚನೆ ಓದಲು ಮಾತ್ರ ಬಳಸಿ. ಪಿಡಿಎಫ್ ಹಾಕಿ, ವಯೋಮಿತಿ, ವಿದ್ಯಾರ್ಹತೆ, ಕೊನೆಯ ದಿನ, ಬೇಕಾದ ಪ್ರಮಾಣಪತ್ರಗಳನ್ನು ಪುಟ ಸಂಖ್ಯೆ ಸಮೇತ ಪಟ್ಟಿ ಮಾಡಿಸಿ, ಆ ಪುಟ ತೆರೆದು ನೀವೇ ಓದಿ. ಮೀಸಲಾತಿಯ ಕಲಂಗಳಲ್ಲಿ ಅದರ ಮಾತನ್ನೇ ನಂಬಬೇಡಿ. ರಾಜ್ಯದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ಓದಿನ ಪ್ರಮಾಣಪತ್ರ ಬೇಕು. ಅದನ್ನು ಅರ್ಜಿ ಹಾಕುವ ಮೊದಲೇ ಶಾಲೆಯಿಂದ ಪಡೆದಿಟ್ಟುಕೊಳ್ಳಿ.

ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದದ್ದು ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ. ಗಜೇಂದ್ರಗಡದ ಪಕ್ಕದ ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳು ಕೊಪ್ಪಳ ಜಿಲ್ಲೆಯವು, ಅಲ್ಲಿಗೆ ಆ ಸೌಲಭ್ಯವಿದೆ. ಗದಗ ಜಿಲ್ಲೆ ಅದರ ವ್ಯಾಪ್ತಿಯಲ್ಲಿಲ್ಲ. ‘ಉತ್ತರ ಕರ್ನಾಟಕದವನು’ ಎಂದಷ್ಟೇ ಹೇಳಿದರೆ ಎಐ ಎರಡನ್ನೂ ಒಂದೇ ಮಾಡಿ ‘ನೀವು ಅರ್ಹರು’ ಎಂದುಬಿಡಬಹುದು. ಆ ಕಲಂನಲ್ಲಿ ತಪ್ಪು ಗುರುತು ಹಾಕಿದರೆ ದಾಖಲೆ ಪರಿಶೀಲನೆಯಲ್ಲಿ ಆಯ್ಕೆಯೇ ಕೈತಪ್ಪೀತು.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಒಟಿಪಿ, ಅಂಕಪಟ್ಟಿಯ ಫೋಟೊ ಇವನ್ನು ಎಐಗೆ ಕೊಡಬೇಡಿ. ಹೆಸರು, ಫೋನ್ ನಂಬರನ್ನು ಕೊನೆಗೆ ನೀವೇ ತುಂಬಿಕೊಳ್ಳಿ. ಅರ್ಜಿಗೆ ಉತ್ತರವಾಗಿ ‘ನೋಂದಣಿ ಶುಲ್ಕ’ ಕೇಳಿ ಕರೆ ಬಂದರೆ ಹಣ ಕಳಿಸಬೇಡಿ.

ಕಳಿಸುವ ಮುನ್ನ ಅರ್ಜಿಯನ್ನು ಕಾಲೇಜಿನ ಮೇಷ್ಟ್ರಿಗೋ, ಅದೇ ಬಗೆಯ ಕೆಲಸದಲ್ಲಿರುವ ಊರಿನ ಅಣ್ಣ, ಅಕ್ಕನಿಗೋ ತೋರಿಸಿ. ಆಮೇಲೆ ಪಿಡಿಎಫ್ ಮಾಡಿ, ಕಡತಕ್ಕೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಇಡಿ. ಇಮೇಲ್‌ನ ವಿಷಯದ ಸಾಲಿನಲ್ಲೂ ಹುದ್ದೆ ನಮೂದಿಸಿ. ಅದೇ ದಿನ ಎಐಗೆ ಹೇಳಿ: ‘ಈ ಅರ್ಜಿ ಓದಿದ ಸಂದರ್ಶಕನಾಗಿ ನನ್ನನ್ನು ಪ್ರಶ್ನೆ ಕೇಳು.’ ಉತ್ತರಗಳನ್ನು ಟೈಪ್ ಮಾಡದೆ ಗಟ್ಟಿಯಾಗಿ ಬಾಯಲ್ಲೇ ಹೇಳಿ. ಯಾವ ಸಾಲಿನ ಬಗ್ಗೆ ಕೇಳಿದಾಗ ತಡವರಿಸುತ್ತೀರೋ ಅದನ್ನು ಮುಂದಿನ ಅರ್ಜಿಗೆ ಮೊದಲು ತಿದ್ದಿ.